ಪ್ಯಾರಿಸ್, ಮೇ 1973: ಕತ್ತರಿ ಬೀಳದ ಕ್ಯಾನ್

ಜರ್ಮನಿಯ ರಾಕ್ ಸಂಗೀತ ತಂಡ ಕ್ಯಾನ್ 1973ರ ಮೇ 12ರಂದು ಪ್ಯಾರಿಸಿನ ಒಲಿಂಪಿಯಾ ರಂಗಮಂದಿರದಲ್ಲಿ ನಡೆಸಿಕೊಟ್ಟ ಕಾರ್ಯಕ್ರಮದ ಧ್ವನಿಮುದ್ರಣವು ಅರ್ಧ ಶತಮಾನ ಕಳೆದ ಮೇಲೆ, 2024ರ ಫೆಬ್ರವರಿಯಲ್ಲಿ ಆಲ್ಬಮ್ ಆಗಿ ಹೊರಬಂದಿತು. 2021ರಲ್ಲಿ ಹೊರಬಂದ ಶ್ಟುಟ್‌ಗಾರ್ಟ್ ಕಾರ್ಯಕ್ರಮದ ಆಲ್ಬಮ್‌ನಿಂದ ಶುರುವಾದ ಈ ನೇರ ಧ್ವನಿಮುದ್ರಣಗಳ ಮಾಲಿಕೆಯಲ್ಲಿ ಗಾಯಕ ದಾಮೊ ಸುಜುಕಿಯವರ ದನಿ ಕೇಳಿಬಂದದ್ದು ಇದೇ ಮೊದಲು. ಅವರು ಅದೇ ತಿಂಗಳ 9ರಂದು ತೀರಿಕೊಂಡಿದ್ದರು.

1968ರಲ್ಲಿ ಕೊಲೋನ್ ನಗರದಲ್ಲಿ ಹುಟ್ಟಿದ ಈ ತಂಡವನ್ನು ನಾವೆಲ್ಲ ಬಲ್ಲದ್ದು ಸ್ಟುಡಿಯೋ ಆಲ್ಬಮ್‌ಗಳ ಮೂಲಕ. ಆ ಆಲ್ಬಮ್‌ಗಳಲ್ಲಿ ತಂಡದ ಬಾಸ್ ಗಿಟಾರ್ ವಾದಕ ಹೋಲ್ಗರ್ ಚೂಕೈ ಅವರ ಕತ್ತರಿಯ ಪಾಲು ಬಹಳ ದೊಡ್ಡದು. ವೈಲರ್ಸ್‌ವಿಸ್ಟ್ ಊರಿನ ಹಳೆಯ ಚಿತ್ರಮಂದಿರವೊಂದನ್ನು ಸ್ಟುಡಿಯೋ ಮಾಡಿಕೊಂಡು, ಪ್ರತಿಧ್ವನಿ ತಗ್ಗಿಸಲು ಗೋಡೆಗಳಿಗೆ ಹಾಸಿಗೆಗಳನ್ನು ಹೊದಿಸಿ, ಗಂಟೆಗಟ್ಟಲೆ ನುಡಿಸುತ್ತ ಹೋಗುವುದು ತಂಡದ ರೂಢಿಯಾಗಿತ್ತು. ಹಾಗೆ ತುಂಬಿದ ಟೇಪುಗಳಿಂದ ಬೇಕಾದ ಭಾಗಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಚೂಕೈ ಅವರದು. ವೇದಿಕೆಯ ಮೇಲೆ ಆ ಕತ್ತರಿಗೆ ಎಡೆಯಿಲ್ಲ. ಸಂಗೀತ ಎಲ್ಲಿಂದ ಹೊರಟು, ಎಲ್ಲಿ ತಡವರಿಸಿ, ಹೇಗೆ ದಾರಿ ಕಂಡುಕೊಂಡಿತೆಂಬುದನ್ನು ಇಲ್ಲಿ ಇದ್ದದ್ದು ಇದ್ದಂತೆಯೇ ಕೇಳಬಹುದು, ಮತ್ತು ನನ್ನ ಮಟ್ಟಿಗೆ ಈ ಆಲ್ಬಮ್ಮಿನ ನಿಜವಾದ ಬೆಲೆ ಇರುವುದು ಆ ತಡವರಿಕೆಯಲ್ಲಿಯೇ.

ಭಾಗಗಳಿಗೆ ಹಾಡುಗಳ ಹೆಸರಿಲ್ಲ; ಜರ್ಮನ್ ಭಾಷೆಯ ಒಂದು, ಎರಡು, ಮೂರು ಎಂಬ ಎಣಿಕೆ ಮಾತ್ರ ಇದೆ. ಮೊದಲ ಭಾಗವೇ ಅರ್ಧ ಗಂಟೆಯನ್ನು ಮೀರುತ್ತದೆ. ಅಷ್ಟು ಹೊತ್ತನ್ನು ಹಿಡಿದು ನಿಲ್ಲಿಸುವವರು ಡ್ರಮ್ ವಾದಕ ಯಾಕಿ ಲೀಬೆಟ್ಸೈಟ್. ಕಟ್ಟುಪಾಡುಗಳಿಲ್ಲದೆ ನುಡಿಸುವ ಫ್ರೀ ಜಾಜ್‌ನಿಂದ ಬಂದ ಅವರು ಆ ಸ್ವಾತಂತ್ರ್ಯವನ್ನು ಬಿಟ್ಟು, ಒಂದೇ ಲಯವನ್ನು ಮತ್ತೆ ಮತ್ತೆ ನುಡಿಸುವ ಶಿಸ್ತನ್ನು ತಾವಾಗಿಯೇ ಆರಿಸಿಕೊಂಡವರು. ಅವರು ಅಲುಗದೆ ನಿಂತಿರುವುದರಿಂದಲೇ ಮಿಖಾಯೆಲ್ ಕರೋಲಿಯವರ ಗಿಟಾರ್ ಎಷ್ಟು ದೂರ ಹೋದರೂ ಕೇಳುಗನಿಗೆ ದಿಕ್ಕು ತಪ್ಪುವುದಿಲ್ಲ. ಮುಂದೆ ‘ಸ್ಪೂನ್’, ‘ವಿಟಮಿನ್ ಸಿ’ ಹಾಡುಗಳ ಗುರುತು ಸಿಗುತ್ತದೆ, ಆದರೆ ಸ್ಟುಡಿಯೋದಲ್ಲಿ ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಹಾಡುಗಳು ಇಲ್ಲಿ ಸುಲಭಕ್ಕೆ ಮುಗಿಯಲೊಪ್ಪುವುದಿಲ್ಲ.

ಸುಜುಕಿಯವರನ್ನು 1970ರಲ್ಲಿ ಮ್ಯೂನಿಕ್‌ನ ಬೀದಿಯಲ್ಲಿ ಹಾಡುತ್ತಿದ್ದಾಗ ಕಂಡ ಚೂಕೈ ಮತ್ತು ಲೀಬೆಟ್ಸೈಟ್ ಅದೇ ಸಂಜೆ ತಮ್ಮ ಜೊತೆ ವೇದಿಕೆ ಹತ್ತಿಸಿದ್ದರು. ಪಿಸುಮಾತಿನಿಂದ ಕೂಗಿನವರೆಗೆ ಹರಿಯುವ ಅವರ ದನಿಯಲ್ಲಿ ಪದಗಳ ಅರ್ಥ ಹುಡುಕುವುದಕ್ಕಿಂತ ಅದನ್ನು ಇನ್ನೊಂದು ವಾದ್ಯವೆಂದು ಕೇಳುವುದೇ ಸರಿ. ಪ್ಯಾರಿಸ್ ಕಾರ್ಯಕ್ರಮ ನಡೆದ 1973ರಲ್ಲೇ ಅವರು ತಂಡವನ್ನು ಬಿಟ್ಟರು.

ಈ ಮಾಲಿಕೆಗೆ ಆಧಾರವಾದದ್ದು ಅಭಿಮಾನಿಗಳು ಮಾಡಿಕೊಂಡಿದ್ದ ಟೇಪುಗಳು. ಸ್ಥಾಪಕ ಸದಸ್ಯ ಇರ್ಮಿನ್ ಶ್ಮಿಟ್ ಮತ್ತು ಧ್ವನಿ ತಂತ್ರಜ್ಞ ರೆನೆ ಟಿನ್ನರ್ ಅವನ್ನು ಇಂದಿನ ತಂತ್ರಜ್ಞಾನದಿಂದ ಸಾಧ್ಯವಾದಷ್ಟು ಶುದ್ಧಗೊಳಿಸಿದ್ದಾರೆ. ಸ್ಟುಡಿಯೋದ ಸ್ಪಷ್ಟತೆಯನ್ನು ಇಲ್ಲಿ ನಿರೀಕ್ಷಿಸಬಾರದು. ಹೊಸ ಕೇಳುಗರು ಮೊದಲು 1971ರ ‘ಟಾಗೊ ಮಾಗೊ’ ಕೇಳಿ, ಅದರಲ್ಲಿ ‘ಹಾಲೆಲುವಾ’ದ ಹದಿನೆಂಟು ನಿಮಿಷಗಳು ಚಿಕ್ಕದೆನಿಸಿದರೆ ಮಾತ್ರ ಇದಕ್ಕೆ ಬರಲಿ, ಹಾಗೆ ಬಂದವರಿಗೆ ಗಾಯಕನೇ ಇಲ್ಲದ, ಗಿಟಾರೇ ಮುಂದಾಳಾಗುವ 1975ರ ಶ್ಟುಟ್‌ಗಾರ್ಟ್ ಧ್ವನಿಮುದ್ರಣವೂ ಕಾದಿದೆ.