ಶನಿವಾರ ತಲೆಕೆಳಗಾಗುವ ಪಟ

ಪೋಲೆಂಡಿನ ಕ್ರಾಕೋವ್‌ನಲ್ಲಿ ವಾವೆಲ್ ಕೋಟೆ, ದೊಡ್ಡ ಚೌಕ, ಊರಿನ ಹತ್ತಿರದ ಉಪ್ಪಿನ ಗಣಿ ಎಲ್ಲ ನೋಡಿದೆವು. ಚೆನ್ನಾಗಿಯೇ ಇವೆ. ಆದರೆ ಊರಿಗೆ ಬಂದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಕಾಜಿಮಿಯೆಷ್ ಎಂಬ ಹಳೇ ಯಹೂದಿ ಬಡಾವಣೆಯ ಪುಟ್ಟ ಹಾಲ್‌ನಲ್ಲಿ ನೋಡಿದ ಒಂದು ನಗೆನಾಟಕ.

ಎರಡನೇ ಮಹಾಯುದ್ಧಕ್ಕೆ ಮುಂಚೆ ಕ್ರಾಕೋವ್‌ನಲ್ಲಿ ಸುಮಾರು 60,000 ಯಹೂದಿಗಳಿದ್ದರು. ಊರಿನ ಕಾಲು ಭಾಗ ಅವರೇ. 1941ರಲ್ಲಿ ನಾಜಿಗಳು ಉಳಿದವರನ್ನು ನದಿಯಾಚೆ ಘೆಟ್ಟೋಗೆ, ಅಂದರೆ ಯಹೂದಿಗಳನ್ನು ಕೂಡಿಹಾಕುವ ಕೇರಿಗೆ, ಅಟ್ಟಿದರು. 1943ರ ಮಾರ್ಚ್‌ನಲ್ಲಿ ಅದನ್ನೂ ಬರಿದು ಮಾಡಿದರು. ಈಗ ಅದೇ ಬೀದಿಗಳಲ್ಲಿ ಬ್ಯಾಟರಿ ಗಾಡಿಗಳು ಪ್ರವಾಸಿಗರನ್ನು ಸುತ್ತಿಸುತ್ತವೆ. ರೆಕಾರ್ಡ್ ಮಾಡಿದ ದನಿ ಗಬಗಬ ವಿವರಣೆ ಕೊಡುತ್ತದೆ. ನನಗೆ ಅದು ಒಂಚೂರೂ ಹಿಡಿಸಲಿಲ್ಲ. ನಡೆದೇ ನೋಡಿ.

ಆ ನಾಟಕ ಸುತ್ತುವುದು ಒಂದು ಪಟದ ಸುತ್ತ, ಮೊದಲು ಅದರ ವಿಷಯ ಹೇಳಬೇಕು. ಗಡ್ಡದ ಮುದುಕ ಮೇಜಿನ ಮುಂದೆ ಕೂತು ನಾಣ್ಯ ಎಣಿಸುವ ಚಿತ್ರ. ಅವನು ಯಹೂದಿ. ಬಾಗಿಲ ಹತ್ತಿರ ತೂಗುಹಾಕಿದರೆ ಮನೆಗೆ ದುಡ್ಡು ಬರುತ್ತದೆ ಅಂತ ಎಷ್ಟೋ ಪೋಲಿಷ್ ಮನೆಗಳ ನಂಬಿಕೆ. ಶನಿವಾರ ಅದನ್ನು ತಲೆಕೆಳಗು ಮಾಡುತ್ತಾರೆ, ಅವನು ಕೂಡಿಟ್ಟ ಕಾಸು ಮನೆಯೊಳಗೆ ಉದುರಲಿ ಅಂತ. ಇದೇ ಥರದ ಗೊಂಬೆಗಳೂ ಸಿಗುತ್ತವೆ. ಇವು ಯಹೂದಿ ದ್ವೇಷದಿಂದ ಹುಟ್ಟಿದವು ಅಂತ 2021ರಲ್ಲಿ ಕ್ರಾಕೋವ್ ನಗರಾಡಳಿತವೇ ಒಪ್ಪಿಕೊಂಡಿತು.

ನಾಟಕದಲ್ಲಿ ಹೊಸ ಜೋಡಿಯ ಮನೆಗೆ ಅತ್ತೆ ಈ ಪಟ ತರುತ್ತಾಳೆ. ಮೊಳೆ ಹೊಡೆಯುವುದೇ ಹತ್ತು ನಿಮಿಷದ ತಮಾಷೆ. ಅಷ್ಟರಲ್ಲಿ ವಿದೇಶದಿಂದ ಒಬ್ಬ ಅತಿಥಿ ಬರುತ್ತಾನೆ. ಪಟ ನೋಡಿ, "ನಿಮಗೆ ಯಹೂದಿಗಳು ಯಾರಾದ್ರೂ ಪರಿಚಯವಾ?" ಅಂತ ಕೇಳುತ್ತಾನೆ. ಅತ್ತೆ ಗೋಡೆ ತೋರಿಸಿ, "ಇವನೊಬ್ಬನೇ" ಅನ್ನುತ್ತಾಳೆ. ಹಾಲ್ ಗೊಳ್ಳೆಂದು ನಕ್ಕಿತು. ಅವನು ಮೆಲ್ಲಗೆ, "ನಮ್ಮ ತಾತ ಇದೇ ಮನೆಯಲ್ಲಿದ್ದರು" ಅಂದ. ಅತ್ತೆ ಎದ್ದು ಓಡಿದ್ದು ಮನೆಪತ್ರ ಹುಡುಕಲು. ಆಗಲೂ ಕೆಲವರು ನಕ್ಕರು, ಆದರೆ ನಡುವೆಯೇ ನಿಲ್ಲಿಸಿದರು. ನನ್ನ ಮುಂದಿನ ಸಾಲಿನವನೊಬ್ಬ ಬಾಯಿಗೆ ಅಡ್ಡ ಹಿಡಿದ ಕೈಯನ್ನು ಕೊನೆವರೆಗೂ ಇಳಿಸಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಪಕ್ಕದಲ್ಲಿದ್ದ ಮಹಿಳೆಯಿಂದ. ಪೋಲಿಷ್ ಮಾತುಗಳ ಇಂಗ್ಲಿಷ್ ಅನುವಾದ ಪರದೆ ಮೇಲೆ ಬರುತ್ತದೆ ಅಂತ ಕೌಂಟರಿನಲ್ಲಿ ಹೇಳಿದ್ದರು. ಬಂತು, ಆದರೆ ಕಂಬದ ಹಿಂದೆ! ದುಡ್ಡು ಕೊಟ್ಟವರಿಗೆ ಇದು ನ್ಯಾಯವಲ್ಲ. ಟಿಕೆಟ್ ಕೊಳ್ಳುವಾಗ ಪರದೆ ಎಲ್ಲಿದೆ ಅಂತ ಕೇಳಿ, ನಡುವಿನ ಸೀಟೇ ತೊಗೊಳ್ಳಿ.

ಆಕೆ ನಿವೃತ್ತ ಟೀಚರ್, ತಾರ್ನುಫ್ ಊರಿನವರು. ನಾಟಕ ಮುಗಿದ ಮೇಲೂ ಹೊರಗೆ ಬೆಂಚಿನಲ್ಲಿ ತುಂಬಾ ಹೊತ್ತು ಮಾತಾಡಿದೆವು. ಅವರ ಊರಿನಲ್ಲಿ ಯುದ್ಧಕ್ಕೆ ಮುಂಚೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಯಹೂದಿಗಳು. 2008ರಲ್ಲಿ ಬಿಯೆಲ್ಸ್ಕೊ-ಬಿಯಾವಾ ಊರಿನಲ್ಲಿ ರಂಗಕ್ಕೆ ಬಂದ ಆರ್ತುರ್ ಪಾವಿಗಾ ಅವರ 'ಯಹೂದಿ' ನಾಟಕವನ್ನು ಆಕೆ ನೆನಪಿಸಿಕೊಂಡರು. ಇಸ್ರೇಲ್‌ನಿಂದ ಬರುವ ಹಳೇ ವಿದ್ಯಾರ್ಥಿಯನ್ನು ಹೇಗೆ ಸ್ವಾಗತಿಸುವುದು ಅಂತ ಟೀಚರುಗಳು ಸಭೆ ಸೇರುವ ಕಥೆ. ಮಾತು ಬೆಳೆದಂತೆ ಒಬ್ಬೊಬ್ಬರ ಹೊಟ್ಟೆಯೊಳಗಿನದೂ ಆಚೆ ಬರುತ್ತದಂತೆ. "ನಮ್ಮ ಸ್ಟಾಫ್‌ರೂಮೇ ಅದು," ಅಂದರು.

"ಯಹೂದಿಗಳನ್ನು ಉಳಿಸಿದ್ದಕ್ಕೆ ನಿಮ್ಮವರಲ್ಲಿ 7,000ಕ್ಕೂ ಹೆಚ್ಚು ಜನ ಗೌರವ ಪಡೆದಿದ್ದಾರಲ್ವಾ?" ಅಂತ ಕೇಳಿದೆ.

"ಹೌದು, ಅದು ನಮ್ಮ ಹೆಮ್ಮೆ. 1941ರಲ್ಲಿ ಯೆದ್ವಾಬ್ನೆ ಊರಿನಲ್ಲಿ ನೆರೆಹೊರೆಯ ಯಹೂದಿಗಳನ್ನೇ ಕೊಟ್ಟಿಗೆಗೆ ಕೂಡಿ ಸುಟ್ಟವರೂ ನಮ್ಮವರೇ. ಮೊದಲನೆಯದನ್ನು ಹೇಳೋಕೆ ಎಲ್ಲರೂ ಮುಂದೆ ಬರ್ತಾರೆ."

ಹಿಂದಿನ ದಿನ ಆಶ್‌ವಿಟ್ಜ್ ಸಾವಿನ ಶಿಬಿರದಲ್ಲಿ ನಾನು ಅತ್ತಿದ್ದೆ. ಅಲ್ಲಿ ಕೊಂದವರು ನಾಜಿಗಳು, ಅಳುವವರಿಗೆಲ್ಲ ಅದು ಗೊತ್ತು. ಇಲ್ಲಿ ನಕ್ಕವರಿಗೆ ನೆನಪಾದದ್ದು ತಮ್ಮದೇ ಮನೆ ಗೋಡೆ. ಈ ನಾಟಕ ಕಟ್ಟಿದವರ ಧೈರ್ಯ ದೊಡ್ಡದು.

"ನಿಮ್ಮ ಮನೇಲೂ ಆ ಪಟ ಇದೆಯಾ?" ಕೇಳಿಯೇಬಿಟ್ಟೆ.

"ಅಮ್ಮನ ಮನೇಲಿದೆ. ಶನಿವಾರ ತಪ್ಪದೆ ತಿರುಗಿಸ್ತಾಳೆ. ಮುಂದಿನ ಪ್ರದರ್ಶನಕ್ಕೆ ಕರ್ಕೊಂಡು ಬರ್ತೇನೆ. ಅವಳು ನಗೋದಂತೂ ಖಂಡಿತ. ಆಮೇಲೆ ಮನೆಗೆ ಹೋಗಿ ನಾವಿಬ್ಬರೂ ಏನು ಮಾತಾಡ್ತೀವೋ ಅನ್ನೋದೇ ನನಗೆ ಭಯ."