ಕೋಡ್ ಬಿಟ್ಟಿ ಯಾಕೆ ಕೊಡ್ತೀಯ ಅಂತ ಕೇಳುವವರಿಗೆ

"ಬರೆದ ಕೋಡಿಗೆ, ಯಾರು ಬೇಕಾದ್ರೂ ಬಳಸ್ಕೊಳ್ಳಿ ಅನ್ನೋ ಎಂಐಟಿ ಲೈಸೆನ್ಸ್ ಹಾಕಿ ಬಿಟ್ಟಿ ಕೊಡ್ತೀಯಲ್ಲ, ದೊಡ್ಡ ಕಂಪನಿಯವರು ಎತ್ಕೊಂಡು ದುಡ್ಡು ಮಾಡಿದ್ರೆ ಹೊಟ್ಟೆ ಉರಿಯಲ್ವಾ?"

ಉರಿಯಲ್ಲ. ಇನ್ನು ಕೇಳಬೇಡಿ.

ಹೋದ ಚೌತಿಗೆ ಶಿರಸಿ ಹತ್ತಿರದ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ತಂಬುಳಿ ಬಡಿಸಿದ್ದೇ ತಡ, ಮಾವ ಶುರು ಮಾಡಿದ. "ಅಪ್ಪೀ, ಬೇಲಿ ಇಲ್ದೇ ತೋಟ ಮಾಡ್ತಾರೇನೋ?" ಅವನಿಗೆ ಜಗತ್ತಿನ ಎಲ್ಲ ಸಮಸ್ಯೆಯೂ ಬೇಲಿಯ ಸಮಸ್ಯೆಯೇ. ಅಡಿಕೆ ಗೊನೆ ಕದ್ದರೆ ನಿನ್ನ ಮರ ಖಾಲಿ, ಕೋಡ್ ಒಯ್ದರೆ ನನ್ನದು ನನ್ನ ಹತ್ರವೇ ಇರ್ತದೆ ಅಂದೆ. "ಹಂಗಾದ್ರೆ ಮಂಗನೂ ಬಂದು ತಿನ್ಲಿ ಅಂತೀಯ" ಅಂದ. ಅಷ್ಟರಲ್ಲಿ ಪಾಯಸ ಬಂತು, ಬಚಾವಾದೆ.

ಸ್ವಲ್ಪ ತಿಳಿದವರು ಜಿಪಿಎಲ್ ಹಾಕು ಅಂತಾರೆ. ಕೋಡನ್ನು ಸೇರಿಸಿ ಮಾಡಿದ್ದನ್ನು ಹಂಚುವವರು ಅದರ ಸೋರ್ಸನ್ನೂ, ಅಂದರೆ ಮೂಲ ಕೋಡನ್ನೂ, ಕೊಡಬೇಕು ಅನ್ನುವ ಲೈಸೆನ್ಸ್ ಅದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಅದರಲ್ಲೇ ಇದೆ, ಒಳ್ಳೆಯದೇ. ಆದರೆ ಅದರ ಷರತ್ತು ಬೇರೆಯವರಿಗೆ ಹಂಚಿದಾಗ ಮಾತ್ರ. ನೀವು ಬೈಯುವ ಕಂಪನಿ ನನ್ನ ಕೋಡನ್ನು ತನ್ನ ಸರ್ವರಿನಲ್ಲೇ ಓಡಿಸಿಕೊಂಡರೆ ಸೋರ್ಸ್ ಕೊಡಬೇಕಾಗಿಯೇ ಇಲ್ಲ. ಆ ಕಿಂಡಿ ಮುಚ್ಚಲು ಎಜಿಪಿಎಲ್ ಅಂತ ಬೇರೆಯದೇ ಇದೆ. ಇದನ್ನೆಲ್ಲ ಊಟದ ಪಂಕ್ತಿಯಲ್ಲಿ ಹೇಳೋಕಾಗುತ್ತಾ?

ಯಾರೂ ಕೇಳದ ಪ್ರಶ್ನೆ ಒಂದಿದೆ: ನೀನು ಬರೆದ ಕೋಡ್ ನಿನ್ನದೇನಾ?

ಅಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಸಂಬಳಕ್ಕೆ ಬರೆದದ್ದು ಮಾಲೀಕನದ್ದು. ಮೊದಲ ಕೆಲಸದಲ್ಲಿ 1,25,000 ಅಂತ ಕೊಟ್ಟರೆ 'ಒಂದು ಲಕ್ಷದ ಇಪ್ಪತ್ತೈದು ಸಾವಿರ' ಅಂತ ಕನ್ನಡದಲ್ಲಿ ಬರೆಯುವ ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಮುಗಳೊಳಗೆ ಸೇರಿಸಿ ಬಳಸುವ ಕೋಡು) ಮಾಡಿದ್ದೆ. ಎಲ್ಲಿ 'ಸಾವಿರ', ಎಲ್ಲಿ 'ಸಾವಿರದ' ಅಂತ ಸರಿಮಾಡುವುದರಲ್ಲೇ ಸಾಕುಸಾಕಾಗಿತ್ತು. ಕೆಲಸ ಬಿಟ್ಟೆ, ಅದು ಅಲ್ಲೇ ಉಳಿಯಿತು. ಮುಂದಿನ ಕಂಪನಿಯಲ್ಲೂ ಅದೇ ಬೇಕಾಯಿತು. ಹಳೆಯದನ್ನು ಮುಟ್ಟುವ ಹಾಗಿಲ್ಲ. ಮೊದಲಿಂದ ಬರೆದೆ, ಹಳೇ ತಪ್ಪುಗಳನ್ನೂ ಮೊದಲಿಂದ ಮಾಡಿದೆ.

ಈ ಸಲ ಬಾಸ್ ಹಿಂದೆ ಬಿದ್ದು, ಕಂಪನಿಯಿಂದಲೇ ಎಂಐಟಿ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಿಸಿದೆ. ಜನ ಇದನ್ನು ದಾನ ಅಂದುಕೊಂಡರು. ಸುಮ್ನಿದ್ದೆ.

ಈಗ ಮೂರನೇ ಕೆಲಸ. ಸೇರಿದ ವಾರವೇ ಅದನ್ನು ಇಳಿಸಿಕೊಂಡೆ. ಜಿಪಿಎಲ್ ಆಗಿದ್ದರೆ, ಗಿರಾಕಿಗೆ ಕೊಡುವ ನಮ್ಮ ಸಾಫ್ಟ್‌ವೇರಿನೊಳಗೆ ಸೇರಿಸಿದ ಮೇಲೆ ಪೂರ್ತಿ ಸೋರ್ಸನ್ನೂ ಕೊಡಬೇಕಾಗುತ್ತಿತ್ತು, ಇಲ್ಲಿನ ಬಾಸ್ ಜನ್ಮದಲ್ಲಿ ಒಪ್ಪುತ್ತಿರಲಿಲ್ಲ. ಎಂಐಟಿಯಲ್ಲಿ ಹಾಗಿಲ್ಲ. ಕಾಪಿರೈಟ್ ಸಾಲನ್ನೂ ಲೈಸೆನ್ಸನ್ನೂ ಹಾಗೇ ಇಟ್ಟುಕೊಂಡರೆ ಆಯಿತು.

ಫೈಲಿನ ತಲೆಯಲ್ಲಿ ಇವತ್ತಿಗೂ ಹಿಂದಿನ ಕಂಪನಿಯ ಹೆಸರಿದೆ. ನನ್ನದಿಲ್ಲ. ಇರಲಿ ಬಿಡಿ.