ಬೋರ್ಡಿನಲ್ಲಿ ಇಲ್ಲದ ಗ

ಧಾರವಾಡದ ಶಾಲೆಯೊಂದರ ಏಳನೇ ತರಗತಿ. ಶನಿವಾರದ ಬೆಳಗಿನ ಶಾಲೆ, 40 ನಿಮಿಷದ ಪಿರಿಯಡ್, 42 ಮಕ್ಕಳು. ತಿಂಗಳಿಂದ ಭೂಪಾಲಿ ರಾಗದ ಸ್ವರಲಿಪಿ ನೋಡಿ ಚೊಕ್ಕಟವಾಗಿ ಹಾಡುತ್ತಿದ್ದ ಮೇಳ. ಅಂದು ಬೋರ್ಡಿನ ಮೇಲೆ ಬಿದ್ದದ್ದು ದುರ್ಗಾ ರಾಗ:

ಸಾ ರೆ ಮ ಪ | ಧ – ಪ ಮ | ರೆ ಮ ಪ ಧ | ಮ – ರೆ ಸಾ

ಇಡೀ ತರಗತಿ ಒಂದೇ ದನಿಯಲ್ಲಿ ‘ಸಾ ರೆ ಗ ಪ’ ಎಂದಿತು. ಹಿಂದಿನ ಬೆಂಚಿನಿಂದ ಒಬ್ಬಳೇ ಕೇಳಿದಳು: “ಸರ್, ಗ ಎಲ್ಲೈತ್ರಿ?” ಬೋರ್ಡು ನೋಡಿದವಳು ಅವಳೊಬ್ಬಳೇ.

ಉಳಿದವರು ಓದುತ್ತಿರಲಿಲ್ಲ, ನೆನಪಿನಿಂದ ಹಾಡುತ್ತಿದ್ದರು. ಎರಡೂ ಐದೈದು ಸ್ವರದ ರಾಗ. ಭೂಪಾಲಿಯಲ್ಲಿ ಗ ಇದ್ದ ಜಾಗಕ್ಕೆ ದುರ್ಗಾದಲ್ಲಿ ಮ ಬರುತ್ತದೆ. ಕಣ್ಣು ಓದುತ್ತಿದೆಯೋ ಬಾಯಿ ನೆನೆಯುತ್ತಿದೆಯೋ ಎಂದು ಹಿಡಿಯಲು ಇದಕ್ಕಿಂತ ಒಳ್ಳೆ ಬಲೆ ಸಿಗಲಿಕ್ಕಿಲ್ಲ.

ಮೊದಲು ಹಾರ್ಮೋನಿಯಂ ಮುಚ್ಚಬೇಕಾಯಿತು. ಪೆಟ್ಟಿಗೆ ಸ್ವರ ನುಡಿಸಿದರೆ ಕಿವಿ ಮುಂದೆ ಓಡುತ್ತದೆ, ಕಣ್ಣು ಕೆಲಸ ಬಿಡುತ್ತದೆ. ಸಾ–ಪ ಎಳೆದ ತಂಬೂರಿ ಸಾಕು. ಸಾ ಹಾರ್ಮೋನಿಯಂನ ಬಿಳಿ 1ನೇ ಮನೆಗೆ. ದೊಡ್ಡ ಹೆಣ್ಣುಮಕ್ಕಳು ಹಾಡುವ, ಅದಕ್ಕಿಂತ ತಗ್ಗಿನ ಕರಿ 4ನ್ನೇ ಮಕ್ಕಳಿಗೂ ಹಿಡಿದರೆ ಕೆಳಗಿನ ಸ್ವರಗಳು ಬರೀ ಗೊಣಗು. ಆಮೇಲೆ ರಾಗ ಬಿಟ್ಟು ಬರೀ ಮಾತು: ನಿಮಿಷಕ್ಕೆ 60 ಮಾತ್ರೆ (ತಾಳದ ಎಣಿಕೆ), ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಚಪ್ಪಾಳೆ, ಖಾಲಿಗೆ, ಅಂದರೆ ಪೆಟ್ಟಿಲ್ಲದ ಮಾತ್ರೆಗೆ, ಕೈ ಬೀಸು, ಸ್ವರದ ಹೆಸರು ಹೇಳುವುದಷ್ಟೇ. ಅಡ್ಡಗೆರೆ (–) ಬಂದಲ್ಲಿ ಹಿಂದಿನ ಸ್ವರವನ್ನೇ ಎಳೆಯಬೇಕು. ಅರ್ಧ ತರಗತಿ ಅದನ್ನು ನುಂಗಿ ‘ಧಪಮ’ ಎಂದು ಓಡಿತು, ಹದಿನಾರು ಮಾತ್ರೆ ಹದಿನೈದಾಯಿತು. ಹೆಚ್ಚಿನ ತಪ್ಪು ಸ್ವರದ್ದಲ್ಲ, ಹೀಗೆ ಮಾತ್ರೆಯದ್ದೇ.

ಮೂರನೆಯದು ಮೌನ. ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮನಸ್ಸಿನಲ್ಲೇ, ಮುಂದಿನದು ಗಟ್ಟಿಯಾಗಿ. ಹಾಡಿ ಮುಗಿದ ಸ್ವರದ ಮೇಲೆ ರಟ್ಟಿನ ಪಟ್ಟಿ ಸರಿಯುತ್ತಾ ಹೋಗುತ್ತದೆ. ಹಿಂತಿರುಗಿ ನೋಡಲು ಏನೂ ಉಳಿಯುವುದಿಲ್ಲ. ತಪ್ಪಿದರೂ ನಿಲ್ಲುವಂತಿಲ್ಲ. ಚೆನ್ನಾಗಿ ಹಾಡುವ ಐದಾರು ಮಂದಿಗೆ ತಾಳ ಹಾಕುವ ಕೆಲಸ ಕೊಟ್ಟು ಬಾಯಿ ಮುಚ್ಚಿಸಬೇಕು. ಇಲ್ಲದಿದ್ದರೆ ಮೇಳವೆಲ್ಲ ಅವರ ಹಿಂದೆ ಅರ್ಧ ಮಾತ್ರೆ ತಡವಾಗಿ ನಡೆಯುತ್ತದೆ.

ಪುಸ್ತಕದ್ದೊಂದು ತಕರಾರು. ಹಿಂದುಸ್ತಾನಿ ಸಂಗೀತ ಬರೆಯುವ ಭಾತಖಂಡೆ ಪದ್ಧತಿಯಲ್ಲಿ ಕೋಮಲ (ಅರ್ಧ ಇಳಿದ) ಸ್ವರಕ್ಕೆ ಕೆಳಗೆ ಗೆರೆ, ಮಂದ್ರಕ್ಕೆ (ಕೆಳಗಿನ ಸಪ್ತಕದ ಸ್ವರಕ್ಕೆ) ಕೆಳಗೆ ಚುಕ್ಕಿ. ಗೆರೆ ಎಳೆದ ಕಾಪಿ ಪುಸ್ತಕದಲ್ಲಿ ಎಲ್ಲ ಸ್ವರವೂ ಕೋಮಲವಾಗಿ ಕಾಣುತ್ತದೆ, ಚುಕ್ಕಿ ಗೆರೆಯೊಳಗೆ ಮುಳುಗುತ್ತದೆ. ಚೌಕುಳಿ ಗೆರೆಯ ಗಣಿತ ಪುಸ್ತಕವೇ ಸರಿ: ಚೌಕಕ್ಕೊಂದು ಮಾತ್ರೆ, ನಾಲ್ಕಕ್ಕೊಂದು ದಪ್ಪ ಗೆರೆ, ಕೋಮಲದ ಗೆರೆ ಕೆಂಪು ಪೆನ್ನಿನಲ್ಲಿ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದವರೂ ಕೇಳಿ ಕಲಿತು ದೊಡ್ಡ ಗಾಯಕರಾದರಲ್ಲ, ಲಿಪಿಯಾಕೆ ಎಂದು ಈ ಭಾಗದಲ್ಲಿ ಕೇಳುವವರುಂಟು. ಅಲ್ಲಿ ಗುರುವಿನೆದುರು ವರ್ಷಗಟ್ಟಲೆ ತಾಲೀಮು. ಇಲ್ಲಿ ವಾರಕ್ಕೆ ಎರಡು ಪಿರಿಯಡ್.

ನಾಲ್ಕನೇ ಸಲ ಮ ಬಂತು. ಆದರೆ ‘ಧ | ಮ’ ಜಿಗಿತದಲ್ಲಿ ಕೆಲವರು ಪಕ್ಕದ ಪ ಮೇಲೆಯೇ ಇಳಿದರು. ತಂಬೂರಿ ಅದನ್ನೇ ಕಿವಿಗೆ ತುಂಬುತ್ತಿರುತ್ತದೆ. ನಡುವಿನ ಪ ಮನಸ್ಸಿನಲ್ಲೇ ದಾಟಿ ಮ ಮೇಲೆ ಬಾಯಿ ತೆರೆಯುವ ಅಭ್ಯಾಸ ಹತ್ತು ಸಲ ಆಗುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ವಾರ ಈ ಸಾಲು ಬರೆಯುವಂತಿಲ್ಲ. ಅಷ್ಟೊತ್ತಿಗೆ ಇದೂ ಬಾಯಿಪಾಠವಾಗಿರುತ್ತದೆ.